ರಾಶಿ, ರೊಟ್ಟಿ, ಗುಮ್ಮಟ: ಘನಾಕೃತಿಗಳ ವ್ಯವಹಾರ

‘ವ್ಯವಹಾರ’ ಎಂಬ ಪದವು ಎರಡು ಶಾಸ್ತ್ರಗಳಲ್ಲಿ ನೆಲೆಗೊಂಡಿದೆ. ಧರ್ಮಶಾಸ್ತ್ರದಲ್ಲಿ ವ್ಯವಹಾರವೆಂದರೆ ನ್ಯಾಯಸಭೆಯ ಮುಂದೆ ಬರುವ ವಾದ, ಅದರ ವಿಚಾರಣೆ ಮತ್ತು ನಿರ್ಣಯ. ಕಲ್ಯಾಣದ ಚಾಲುಕ್ಯರ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ದಲ್ಲಿ ವ್ಯವಹಾರಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಗಣಿತಶಾಸ್ತ್ರದಲ್ಲಿಯೂ ಇದೇ ಪದವಿದೆ. 1114ರಲ್ಲಿ ಜನಿಸಿದ ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲಿ ಎಂಟು ವ್ಯವಹಾರಗಳು ಬರುತ್ತವೆ: ಮಿಶ್ರಕ, ಶ್ರೇಢೀ, ಕ್ಷೇತ್ರ, ಖಾತ, ಚಿತಿ, ಕ್ರಕಚ, ರಾಶಿ, ಛಾಯಾ. ಈ ಎಂಟರಲ್ಲಿ ನಾಲ್ಕು ವ್ಯವಹಾರಗಳು ಉದ್ದ, ಅಗಲ, ಎತ್ತರ ಮೂರೂ ಉಳ್ಳ ವಸ್ತುಗಳನ್ನು ಕುರಿತವು. ಖಾತವೆಂದರೆ ತೋಡಿದ ಗುಂಡಿ, ಬಾವಿ, ಹೊಂಡ. ಚಿತಿಯೆಂದರೆ ಇಟ್ಟಿಗೆ ಒಟ್ಟಿದ ಕಟ್ಟಡ. ಕ್ರಕಚವೆಂದರೆ ಗರಗಸದಿಂದ ಕೊಯ್ದ ಮರ. ರಾಶಿಯೆಂದರೆ ಕಣದಲ್ಲಿ ಸುರಿದ ಧಾನ್ಯ.

ಈ ನಾಲ್ಕೂ ಒಬ್ಬರು ಕೊಡುವ, ಮತ್ತೊಬ್ಬರು ಪಡೆಯುವ ಸಂಗತಿಗಳು. ಬಾವಿ ತೋಡಿದವನಿಗೆ ಕೂಲಿ ಸಲ್ಲಬೇಕು, ಮರ ಕೊಯ್ದವನಿಗೆ ಮಜೂರಿ ಸಲ್ಲಬೇಕು, ರಾಶಿಯಲ್ಲಿ ಪಾಲು ಹಂಚಿಕೆಯಾಗಬೇಕು. ಅಳತೆ ತಪ್ಪಿದಲ್ಲಿ ಗಣಿತದ ವ್ಯವಹಾರವು ನ್ಯಾಯದ ವ್ಯವಹಾರವಾಗಿ ಮಾರ್ಪಡುತ್ತದೆ. ಇಂದಿನ ಪಠ್ಯಪುಸ್ತಕದಲ್ಲಿ ಘನಾಕೃತಿಗಳ ಪಾಠ ಬಂದಾಗ ಮಕ್ಕಳಿಗೂ ಪಾಲಕರಿಗೂ ಮೊದಲು ಕಣ್ಣಿಗೆ ಬೀಳುವುದು ಸೂತ್ರಗಳ ಸಾಲು. ಅದರ ಹಿಂದಿರುವ ಕಣ, ಬಾವಿ, ಇಟ್ಟಿಗೆಗಳು ಮರೆಯಾಗಿಬಿಡುತ್ತವೆ. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಕನ್ನಡ ಶಾಲೆಯ ಮಗುವಿಗೆ ಈ ಪಾಠವು ತನ್ನ ಊರಿನ ವಸ್ತುಗಳಿಂದಲೇ ಸಂಪೂರ್ಣವಾಗಿ ಅರ್ಥವಾಗಬಲ್ಲದು.

ಏಳು ಆಕೃತಿಗಳು, ಮೂರು ಭಾಷೆಗಳು

ಸಮತಲದ ಆಕೃತಿಗೆ ಉದ್ದ ಮತ್ತು ಅಗಲ ಎಂಬ ಎರಡೇ ಆಯಾಮಗಳು. ಕಾಗದದ ಮೇಲಿನ ಚೌಕವು ಜಾಗವನ್ನು ಮುಚ್ಚುತ್ತದೆ, ತುಂಬುವುದಿಲ್ಲ. ಮೂರನೆಯ ಆಯಾಮವಾದ ಎತ್ತರ ಸೇರಿದೊಡನೆ ಆಕೃತಿಗೆ ಒಳಗು ಹೊರಗು ಎಂಬ ಭೇದ ಹುಟ್ಟುತ್ತದೆ. ಆಗ ಎರಡು ಬೇರೆ ಬೇರೆ ಪ್ರಶ್ನೆಗಳು ಏಳುತ್ತವೆ. ಹೊರಮೈ ಎಷ್ಟು ಎಂಬುದು ಮೊದಲನೆಯದು. ಅದಕ್ಕೆ ಉತ್ತರ ಮೇಲ್ಮೈ ವಿಸ್ತೀರ್ಣ. ಒಳಗೆ ಎಷ್ಟು ಹಿಡಿಯುತ್ತದೆ ಎಂಬುದು ಎರಡನೆಯದು. ಅದಕ್ಕೆ ಉತ್ತರ ಘನಫಲ. ಗೋಡೆಗೆ ಸುಣ್ಣ ಬಳಿಯುವವನಿಗೆ ಮೊದಲನೆಯದು ಬೇಕು, ತೊಟ್ಟಿಗೆ ನೀರು ತುಂಬುವವನಿಗೆ ಎರಡನೆಯದು ಬೇಕು. ಪರೀಕ್ಷೆಯಲ್ಲಿ ಮಕ್ಕಳು ಮಾಡುವ ತಪ್ಪುಗಳಲ್ಲಿ ಬಹಳಷ್ಟು ಈ ಎರಡನ್ನೂ ಅದಲುಬದಲು ಮಾಡುವುದರಿಂದಲೇ ಬರುತ್ತವೆ.

ಮೂಲ ಆಕೃತಿಗಳು ಏಳು. ಆರು ಮುಖಗಳೂ ಸಮಾನ ಚೌಕಗಳಾಗಿರುವುದು ಘನ. ಆಟದ ಚೌಕ ದಾಳ ಅದಕ್ಕೆ ಉದಾಹರಣೆ. ಆರು ಮುಖಗಳೂ ಆಯತಗಳಾಗಿರುವುದು ಆಯತಘನ. ಇಟ್ಟಿಗೆ, ಬೆಂಕಿಪೆಟ್ಟಿಗೆ ಇದಕ್ಕೆ ಸೇರಿದವು. ಸಮಾನವಾದ ಎರಡು ಬಹುಭುಜಗಳನ್ನು ಸಮಾಂತರವಾಗಿರಿಸಿ ಬದಿಗಳನ್ನು ಮುಚ್ಚಿದರೆ ಪಟ್ಟಕ. ಒಂದು ಬಹುಭುಜದ ಅಂಚುಗಳೆಲ್ಲವೂ ಮೇಲೆ ಒಂದೇ ಬಿಂದುವಿಗೆ ಕೂಡಿದರೆ ಪಿರಮಿಡ್. ಮೇಲೂ ಕೆಳಗೂ ಸಮಾನ ವೃತ್ತಗಳಿದ್ದು ಬದಿಯು ದುಂಡಾಗಿ ಸುತ್ತಿಕೊಂಡಿದ್ದರೆ ಸಿಲಿಂಡರ್. ವೃತ್ತದ ಪಾದದಿಂದ ಒಂದೇ ತುದಿಗೆ ಕಿರಿದಾಗುತ್ತ ಹೋಗುವುದು ಶಂಕು. ಕೇಂದ್ರದಿಂದ ಎಲ್ಲ ಕಡೆಗೂ ಸಮಾನ ದೂರದಲ್ಲಿ ಹೊರಮೈ ಇರುವುದು ಗೋಳ.

ಗಡಿಭಾಗದ ಮಗುವಿಗೆ ಈ ಏಳು ಆಕೃತಿಗಳು ಮೂರು ಹೆಸರುಗಳಲ್ಲಿ ಎದುರಾಗುತ್ತವೆ. ಆಯತಘನಕ್ಕೆ ಮರಾಠಿ ಪಠ್ಯಗಳಲ್ಲಿ ‘ಇಷ್ಟಿಕಾಚಿತಿ’ ಎಂಬ ಹೆಸರಿದೆ, ಇಂಗ್ಲಿಷಿನಲ್ಲಿ ‘ಕ್ಯೂಬಾಯ್ಡ್’. ಇಷ್ಟಿಕಾ ಎಂದರೆ ಇಟ್ಟಿಗೆ. ಕನ್ನಡದ ‘ಇಟ್ಟಿಗೆ’ಯೂ ಅದೇ ಮೂಲದಿಂದ ಪ್ರಾಕೃತದ ಮೂಲಕ ಬಂದದ್ದು. ಚಿತಿಯೆಂಬುದು ಲೀಲಾವತಿಯ ಚಿತಿವ್ಯವಹಾರದ ಚಿತಿಯೇ. ಸಿಲಿಂಡರಿಗೆ ಮರಾಠಿಯಲ್ಲಿ ‘ವೃತ್ತಚಿತಿ’, ಅಂದರೆ ವೃತ್ತಗಳನ್ನು ಒಂದರ ಮೇಲೊಂದು ಒಟ್ಟಿದ್ದು. ಘನ ಮತ್ತು ಶಂಕು ಎರಡೂ ಭಾಷೆಗಳಲ್ಲಿ ಒಂದೇ. ಕನ್ನಡದ ಗೋಳ ಮರಾಠಿಯಲ್ಲಿ ‘ಗೋಲ’. ಇಂಗ್ಲಿಷಿನ ಹೆಸರುಗಳು ಬಹುತೇಕ ಗ್ರೀಕಿನಿಂದ ಬಂದವು: ‘ಕ್ಯೂಬ್’ ಎಂಬುದರ ಮೂಲಾರ್ಥ ದಾಳ, ‘ಸಿಲಿಂಡರ್’ ಎಂಬುದರದು ಉರುಳೆ, ‘ಕೋನ್’ ಎಂಬುದರದು ದೇವದಾರು ಜಾತಿಯ ಮರದ ಕಾಯಿ, ‘ಸ್ಫಿಯರ್’ ಎಂಬುದರದು ಚೆಂಡು, ‘ಪ್ರಿಸಮ್’ ಎಂಬುದರದು ಗರಗಸದಿಂದ ಕೊಯ್ದದ್ದು. ಗ್ರೀಕರೂ ಕೈಗೆ ಸಿಕ್ಕ ವಸ್ತುವಿನ ಹೆಸರನ್ನೇ ಆಕೃತಿಗೆ ಇಟ್ಟರು. ಹೀಗೆ ವಿವರಿಸಿದರೆ ಮೂರು ಭಾಷೆಗಳ ಹೆಸರುಗಳು ಮಗುವಿಗೆ ಮೂರು ಹೊರೆಗಳಾಗಿ ತೋರುವುದಿಲ್ಲ.

ಮುಖ, ಅಂಚು, ಶೃಂಗ

ಸಮತಲ ಮುಖಗಳಿಂದಲೇ ಆದ ಘನಾಕೃತಿಗೆ ಮೂರು ಅಂಗಗಳು. ಚಪ್ಪಟೆಯಾದ ಬದಿ ಮುಖ. ಎರಡು ಮುಖಗಳು ಕೂಡುವ ಗೆರೆ ಅಂಚು. ಅಂಚುಗಳು ಕೂಡುವ ಮೂಲೆ ಶೃಂಗ. ಘನಕ್ಕೆ ಮುಖಗಳು 6, ಅಂಚುಗಳು 12, ಶೃಂಗಗಳು 8. ತ್ರಿಭುಜ ಪಟ್ಟಕಕ್ಕೆ ಕ್ರಮವಾಗಿ 5, 9, 6. ಚೌಕ ಪಾದದ ಪಿರಮಿಡ್ಡಿಗೆ 5, 8, 5. ನಾಲ್ಕು ತ್ರಿಭುಜಗಳಿಂದಾದ ಚಿಕ್ಕ ಆಕೃತಿಗೆ 4, 6, 4.

ಪ್ರತಿಯೊಂದರಲ್ಲಿಯೂ ಮುಖಗಳಿಗೆ ಶೃಂಗಗಳನ್ನು ಕೂಡಿಸಿ ಅಂಚುಗಳನ್ನು ಕಳೆದರೆ 2 ಉಳಿಯುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಗಣಿತಜ್ಞ ಆಯ್ಲರನು 1750ರಲ್ಲಿ ತನ್ನ ಮಿತ್ರ ಗೋಲ್ಡ್‌ಬಾಖನಿಗೆ ಬರೆದ ಪತ್ರದಲ್ಲಿ ಈ ಸಂಬಂಧವನ್ನು ತಿಳಿಸಿದನು. ಮಗು ತಾನು ಎಣಿಸಿದ್ದು ಸರಿಯೋ ತಪ್ಪೋ ಎಂದು ತಾನೇ ಪರೀಕ್ಷಿಸಿಕೊಳ್ಳಲು ಇದಕ್ಕಿಂತ ಸುಲಭವಾದ ಸಾಧನವಿಲ್ಲ.

ಆದರೆ ಪ್ರತಿಯೊಂದು ನಿಯಮಕ್ಕೂ ಅದರ ವ್ಯಾಪ್ತಿ ಇರುತ್ತದೆ. ಗೋಡೆಯ ಮೇಲಿನ ಚಿತ್ರದ ಚೌಕಟ್ಟನ್ನು ತೆಗೆದುಕೊಂಡರೆ, ನಾಲ್ಕು ಮರದ ಪಟ್ಟಿಗಳನ್ನು ಮೂಲೆಯಲ್ಲಿ ಓರೆಯಾಗಿ ಕೊಯ್ದು ಜೋಡಿಸಿದ ಆ ಚೌಕಟ್ಟಿಗೆ ಮುಖಗಳು 16, ಅಂಚುಗಳು 32, ಶೃಂಗಗಳು 16. ಇಲ್ಲಿ ಉಳಿಯುವುದು ಸೊನ್ನೆ. ನಡುವೆ ಆರಪಾರ ಕಿಂಡಿ ಇರುವುದೇ ಇದಕ್ಕೆ ಕಾರಣ. ಕಿಂಡಿಯಿಲ್ಲದ ಆಕೃತಿಗಳಿಗೆ ಮಾತ್ರ ಆಯ್ಲರನ ನಿಯಮದ 2 ಅನ್ವಯಿಸುತ್ತದೆ. ಕಾಯ್ದೆಯ ಕಲಮಿನಲ್ಲಿ ‘ಹೊರತುಪಡಿಸಿ’ ಎಂಬ ಮಾತನ್ನು ಓದದೆ ಮುಂದೆ ಹೋದವನಿಗೆ ಆಗುವ ನಷ್ಟವು, ಸೂತ್ರದ ವ್ಯಾಪ್ತಿಯನ್ನು ಓದದ ವಿದ್ಯಾರ್ಥಿಗೂ ಆಗುತ್ತದೆ.

ರೊಟ್ಟಿಯ ಅಟ್ಟಿ

ಸೊಲ್ಲಾಪುರ ಸೀಮೆಯ ಅಡುಗೆಮನೆಯಲ್ಲಿ ಕಡಕ್ ಜೋಳದ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿಡುವುದು ರೂಢಿ. ಒಂದು ರೊಟ್ಟಿಯು ಬಹುತೇಕ ತೆಳುವಾದ ವೃತ್ತ. ಐವತ್ತು ರೊಟ್ಟಿಗಳ ಅಟ್ಟಿಯು ಸಿಲಿಂಡರ್. ಮರಾಠಿಯ ವೃತ್ತಚಿತಿಯೆಂಬ ಹೆಸರು ಎಷ್ಟು ಸಾರ್ಥಕವೆಂಬುದು ಇಲ್ಲಿ ಕಣ್ಣಾರೆ ಕಾಣುತ್ತದೆ. ಆ ಅಟ್ಟಿಯು ಒಂದು ಬದಿಗೆ ವಾಲಿದರೆ ಏನಾಗುತ್ತದೆ? ಮೊಮ್ಮಗಳು ಕೇಳಬಹುದು:

“ಅಜ್ಜೀ, ಅಟ್ಟಿ ಓರೆ ಆತು. ಈಗ ರೊಟ್ಟಿ ಕಡಿಮಿ ಆದುವೇನ?”

“ಎಣಿಸಿ ನೋಡವ್ವಾ. ಅಟ್ಟಿ ವಾಲಿದ್ರ ರೊಟ್ಟಿ ಎಲ್ಲಿ ಹೋಗ್ತಾವ?”

ಅಜ್ಜಿಯ ಈ ಉತ್ತರದಲ್ಲಿ ಒಂದು ದೊಡ್ಡ ಪ್ರಮೇಯ ಅಡಗಿದೆ. ಎರಡು ಆಕೃತಿಗಳ ಎತ್ತರ ಒಂದೇ ಆಗಿದ್ದು, ಪ್ರತಿಯೊಂದು ಮಟ್ಟದಲ್ಲಿಯೂ ಅವುಗಳ ಅಡ್ಡಕೊಯ್ತದ ವಿಸ್ತೀರ್ಣ ಸಮಾನವಾಗಿದ್ದರೆ ಅವುಗಳ ಘನಫಲವೂ ಸಮಾನ. ಇಟಲಿಯ ಕವಾಲಿಯೇರಿಯು 1635ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ತತ್ತ್ವವು ಅವನ ಹೆಸರಿನಲ್ಲಿ ಪ್ರಸಿದ್ಧವಾಯಿತು. ನೇರವಾಗಿ ನಿಂತ ಅಟ್ಟಿಯ ಘನಫಲವು ಪಾದದ ವಿಸ್ತೀರ್ಣವನ್ನು ಎತ್ತರದಿಂದ ಗುಣಿಸಿದಷ್ಟು. ವಾಲಿದ ಅಟ್ಟಿಗೂ ಅಷ್ಟೇ, ಆದರೆ ಎತ್ತರವನ್ನು ಓರೆಯಾಗಿ ಅಳೆಯದೆ ನೆಲಕ್ಕೆ ಲಂಬವಾಗಿ ಅಳೆಯಬೇಕು. ಪಟ್ಟಕ, ಆಯತಘನ, ಘನ ಎಲ್ಲಕ್ಕೂ ಇದೊಂದೇ ನಿಯಮ. ಮಗು ನಾಲ್ಕು ಸೂತ್ರಗಳನ್ನು ಬಾಯಿಪಾಠ ಮಾಡುವ ಬದಲು ಒಂದನ್ನು ತಿಳಿದುಕೊಂಡರೆ ಸಾಕು.

ಪಾದವು ದೊಡ್ಡದಾದಷ್ಟೂ ಪಾತ್ರೆಯು ಎಷ್ಟು ಬೇಗ ಹಿಗ್ಗುತ್ತದೆ ಎಂಬುದನ್ನೂ ಮನೆಯಲ್ಲಿಯೇ ನೋಡಬಹುದು. 30 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ ಎರಡು ಕಾಗದಗಳನ್ನು ತೆಗೆದುಕೊಳ್ಳಬೇಕು. ಒಂದನ್ನು ಉದ್ದದ ಅಂಚು ಸುತ್ತಳತೆಯಾಗುವಂತೆ, ಇನ್ನೊಂದನ್ನು ಅಗಲದ ಅಂಚು ಸುತ್ತಳತೆಯಾಗುವಂತೆ ಸುತ್ತಿ, ತಟ್ಟೆಯಲ್ಲಿ ನಿಲ್ಲಿಸಿ ಜೋಳ ತುಂಬಬೇಕು. ಎರಡೂ ಕಾಗದಗಳು ಒಂದೇ ಅಳತೆಯವು. ಆದರೂ ಗಿಡ್ಡನೆಯ ಕೊಳವೆಯು ಸುಮಾರು 1,432 ಘನ ಸೆಂಟಿಮೀಟರ್ ಹಿಡಿಯುತ್ತದೆ, ಎತ್ತರದ ಕೊಳವೆಯು ಸುಮಾರು 955 ಮಾತ್ರ. ಎತ್ತರದ ಲೋಟವನ್ನು ಕಂಡು ಅದರಲ್ಲಿಯೇ ಹೆಚ್ಚು ಹಾಲಿದೆ ಎಂದು ಭಾವಿಸುವುದು ಮಕ್ಕಳ ಸ್ವಭಾವ. ಎತ್ತರದ ಡಬ್ಬಿಯನ್ನು ಕಂಡು ಹಾಗೆಯೇ ಭಾವಿಸುವ ದೊಡ್ಡವರೂ ಕಡಿಮೆಯಿಲ್ಲ.

ನೀರಿನ ತೊಟ್ಟಿಯ ಲೆಕ್ಕವೂ ಇದೇ ಬಗೆಯದು. ಒಳಗಿನಿಂದ ಒಂದು ಮೀಟರ್ ಬದಿಯ ಘನಾಕಾರದ ತೊಟ್ಟಿಯಲ್ಲಿ 1,000 ಲೀಟರ್ ನೀರು ಹಿಡಿಯುತ್ತದೆ. ಬದಿಯನ್ನು ಎರಡು ಮೀಟರಿಗೆ ಏರಿಸಿದರೆ ಹಿಡಿಯುವುದು 8,000 ಲೀಟರ್. ಆರು ಮುಖಗಳ ಒಟ್ಟು ವಿಸ್ತೀರ್ಣವು 6 ಚದರ ಮೀಟರಿನಿಂದ 24ಕ್ಕೆ, ಅಂದರೆ ನಾಲ್ಕು ಪಟ್ಟು ಮಾತ್ರ ಏರುತ್ತದೆ. ಬೇಸಿಗೆಯಲ್ಲಿ ನೀರಿಗೆ ತತ್ವಾರವಾಗುವ ಈ ಸೀಮೆಯಲ್ಲಿ ಎರಡು ಮನೆಯವರು ಬೇರೆ ಬೇರೆ ಚಿಕ್ಕ ತೊಟ್ಟಿಗಳನ್ನು ಕಟ್ಟಿಸುವ ಮೊದಲು ಈ ಲೆಕ್ಕವನ್ನು ಮಕ್ಕಳಿಂದ ಮಾಡಿಸಿ ನೋಡುವುದು ಲಾಭದಾಯಕ.

ಮೂರರಲ್ಲಿ ಒಂದು ಪಾಲು

ಪಿರಮಿಡ್ ಮತ್ತು ಶಂಕುಗಳು ಮೇಲಕ್ಕೆ ಹೋದಂತೆ ಕಿರಿದಾಗುವುದರಿಂದ ಅವುಗಳ ಘನಫಲ ಕಡಿಮೆಯಾಗಿರಲೇಬೇಕು. ಎಷ್ಟು ಕಡಿಮೆ ಎಂಬ ಪ್ರಶ್ನೆಯಲ್ಲಿ ದೊಡ್ಡವರೂ ಎಡವಿದ್ದುಂಟು. ಕ್ರಿ.ಶ. 499ರ ‘ಆರ್ಯಭಟೀಯ’ದಲ್ಲಿ ತ್ರಿಭುಜ ಪಾದದ ಪಿರಮಿಡ್ಡಿಗೆ ಪಾದ ಮತ್ತು ಎತ್ತರಗಳ ಗುಣಲಬ್ಧದ ಅರ್ಧವೆಂದು ಹೇಳಿದೆ. ತ್ರಿಭುಜದ ವಿಸ್ತೀರ್ಣವು ಅರ್ಧವಾಗಿರುವುದರಿಂದ ಇಲ್ಲಿಯೂ ಅರ್ಧವಿರಬೇಕೆಂಬ ಊಹೆ ಸಹಜವೇ. ಆದರೆ ಸರಿಯಾದ ಉತ್ತರ ಮೂರನೆಯ ಒಂದು ಪಾಲು. ಗೋಳದ ಘನಫಲಕ್ಕೆ ಅದೇ ಗ್ರಂಥ ಕೊಡುವ ನಿಯಮವೂ ನಿಲ್ಲುವುದಿಲ್ಲ. ಲೀಲಾವತಿಯಲ್ಲಿ ಗೋಳದ ನಿಯಮ ಸರಿಯಾಗಿದೆ. ಆರ್ಯಭಟನ ಹಿರಿಮೆಗೆ ಇದರಿಂದ ಕುಂದಿಲ್ಲ. ಆದರೆ ಹೇಳಿದವನು ಎಷ್ಟೇ ದೊಡ್ಡವನಾದರೂ ಹೇಳಿಕೆಗೆ ಪುರಾವೆ ಬೇಕು ಎಂಬ ಪಾಠವನ್ನು ಮಕ್ಕಳು ಇಲ್ಲಿ ಕಲಿಯಬಹುದು.

ಪುರಾವೆಯೂ ಕಷ್ಟದ್ದಲ್ಲ. ಒಂದು ಘನದ ನಟ್ಟನಡುವಿನ ಬಿಂದುವಿನಿಂದ ಎಂಟು ಮೂಲೆಗಳಿಗೂ ಗೆರೆ ಎಳೆದಂತೆ ಭಾವಿಸಿದರೆ ಘನವು ಆರು ಸಮಾನ ಪಿರಮಿಡ್ಡುಗಳಾಗಿ ಒಡೆಯುತ್ತದೆ. ಪ್ರತಿಯೊಂದರ ಪಾದವೂ ಘನದ ಒಂದು ಮುಖ. ಎತ್ತರವು ಘನದ ಬದಿಯ ಅರ್ಧ. ಆದ್ದರಿಂದ ಒಂದು ಪಿರಮಿಡ್ಡಿನ ಘನಫಲವು ಇಡೀ ಘನದ ಆರನೆಯ ಒಂದು ಪಾಲು. ಅದೇ ಪಾದದ ಮೇಲೆ ಅದೇ ಎತ್ತರಕ್ಕೆ ನಿಂತ ಆಯತಘನವಾದರೋ ಇಡೀ ಘನದ ಅರ್ಧ. ಅರ್ಧದಲ್ಲಿ ಆರನೆಯ ಒಂದು ಪಾಲು ಮೂರು ಸಲ ಹೋಗುತ್ತದೆ. ಹೀಗಾಗಿ ಪಿರಮಿಡ್ಡು ತನ್ನನ್ನು ಸುತ್ತುವರಿದ ಪೆಟ್ಟಿಗೆಯ ಮೂರನೆಯ ಒಂದು ಪಾಲು. ಶಂಕುವಿಗೂ ಅದನ್ನು ಸುತ್ತುವರಿದ ಸಿಲಿಂಡರಿಗೂ ಇದೇ ಸಂಬಂಧ. ರಟ್ಟಿನಿಂದ ಒಂದೇ ಪಾದ, ಒಂದೇ ಎತ್ತರದ ಶಂಕುವನ್ನೂ ಸಿಲಿಂಡರನ್ನೂ ಮಾಡಿ, ಶಂಕುವಿನಿಂದ ರವೆ ತುಂಬಿ ಸುರಿದರೆ ಮೂರನೆಯ ಸಲಕ್ಕೆ ಸಿಲಿಂಡರ್ ತುಂಬುತ್ತದೆ.

ಗೋಳವು ಈ ಕುಟುಂಬಕ್ಕೆ ಸೇರಿದ ರೀತಿಯನ್ನು ತೋರಿಸಿದವನು ಸಿರಾಕ್ಯೂಸಿನ ಆರ್ಕಿಮಿಡೀಸ್. ಗೋಳವು ಸರಿಯಾಗಿ ಹಿಡಿಸುವ ಸಿಲಿಂಡರಿನ ಘನಫಲದಲ್ಲಿ ಗೋಳದ್ದು ಮೂರರಲ್ಲಿ ಎರಡು ಪಾಲು. ಮೇಲ್ಮೈಯಲ್ಲಿಯೂ ಮೂರರಲ್ಲಿ ಎರಡೇ ಪಾಲು. ಸಮಾನ ತ್ರಿಜ್ಯವುಳ್ಳ ಮತ್ತು ಎತ್ತರವೂ ಆ ತ್ರಿಜ್ಯದಷ್ಟೇ ಇರುವ ಶಂಕು, ಅರ್ಧಗೋಳ, ಸಿಲಿಂಡರುಗಳು 1, 2, 3 ಎಂಬ ಅನುಪಾತದಲ್ಲಿರುತ್ತವೆ. ತನ್ನ ಸಮಾಧಿಯ ಮೇಲೆ ಗೋಳ ಮತ್ತು ಸಿಲಿಂಡರಿನ ಚಿಹ್ನೆ ಇರಬೇಕೆಂದು ಆರ್ಕಿಮಿಡೀಸ್ ಬಯಸಿದ್ದನೆಂದು ಪ್ರಾಚೀನರು ಬರೆದಿದ್ದಾರೆ. ಕ್ರಿ.ಪೂ. 212ರಲ್ಲಿ ಅವನು ಕೊಲ್ಲಲ್ಪಟ್ಟನು. ಕ್ರಿ.ಪೂ. 75ರಲ್ಲಿ ಸಿಸಿಲಿಗೆ ಅಧಿಕಾರಿಯಾಗಿ ಬಂದ ಒಬ್ಬ ರೋಮನ್ ವಕೀಲನು ಮುಳ್ಳುಕಂಟಿಗಳ ನಡುವೆ ಮುಚ್ಚಿಹೋಗಿದ್ದ ಒಂದು ಚಿಕ್ಕ ಕಂಬವನ್ನು, ಅದರ ಮೇಲಿನ ಗೋಳ ಸಿಲಿಂಡರುಗಳ ಗುರುತಿನಿಂದಲೇ ಪತ್ತೆಹಚ್ಚಿದನು. ಆ ವಕೀಲ ಸಿಸೆರೋ. ಊರಿನವರಿಗೆ ಆ ಸಮಾಧಿಯ ನೆನಪೇ ಅಳಿದಿತ್ತು.

ವಿಜಯಪುರದ ಪಾಠ

ಸೊಲ್ಲಾಪುರದಿಂದ ದಕ್ಷಿಣಕ್ಕೆ ಸುಮಾರು 100 ಕಿಲೋಮೀಟರ್ ದೂರದ ವಿಜಯಪುರದಲ್ಲಿ ಈ ಆಕೃತಿಗಳೆಲ್ಲ ಒಂದೇ ಕಟ್ಟಡದಲ್ಲಿ ಕೂಡಿವೆ. 17ನೆಯ ಶತಮಾನದಲ್ಲಿ ಮುಹಮ್ಮದ್ ಆದಿಲ್ ಶಾಹನ ಗೋರಿಯಾಗಿ ಎದ್ದ ಗೋಳಗುಮ್ಮಟದ ಕೆಳಭಾಗವು ಸರಿಸುಮಾರು 47.5 ಮೀಟರ್ ಬದಿಯ ಘನ. ಅದರ ಮೇಲೆ ಹೊರಗಿನ ವ್ಯಾಸ 44 ಮೀಟರ್ ಇರುವ ಗುಮ್ಮಟ. ನಾಲ್ಕು ಮೂಲೆಗಳಲ್ಲಿ ಏಳು ಅಂತಸ್ತಿನ ಎಂಟು ಮುಖದ ಗೋಪುರಗಳು. ಗೋಪುರದ ಒಂದೊಂದು ಅಂತಸ್ತನ್ನೂ ಅಷ್ಟಭುಜ ಪಟ್ಟಕವೆಂದು ತೆಗೆದುಕೊಂಡರೆ ಮುಖಗಳು 10, ಅಂಚುಗಳು 24, ಶೃಂಗಗಳು 16. ಆಯ್ಲರನ 2 ಇಲ್ಲಿಯೂ ಉಳಿಯುತ್ತದೆ.

ಗುಮ್ಮಟವನ್ನು ಅರ್ಧಗೋಳವೆಂದೇ ಭಾವಿಸಿದರೆ ಅದರ ಹೊರಮೈ ಎಷ್ಟು? ಗೋಳದ ಮೇಲ್ಮೈಯು ಅದರ ನಡುವಿನ ದೊಡ್ಡ ವೃತ್ತದ ನಾಲ್ಕು ಪಟ್ಟು. ಲೀಲಾವತಿಯೂ ಹೀಗೆಯೇ ಹೇಳುತ್ತದೆ. ಅರ್ಧಗೋಳದ ದುಂಡು ಮೈಯು ಆ ವೃತ್ತದ ಎರಡು ಪಟ್ಟು. 22 ಮೀಟರ್ ತ್ರಿಜ್ಯದ ವೃತ್ತವು ಸುಮಾರು 1,520 ಚದರ ಮೀಟರ್. ಆದ್ದರಿಂದ ಹೊರಮೈಯು ಸುಮಾರು 3,040 ಚದರ ಮೀಟರ್. ಗಾರೆಯ ಕೆಲಸಕ್ಕೆ ಬೇಕಾದ ಸುಣ್ಣದ ಲೆಕ್ಕ ಇಲ್ಲಿಂದ ಹೊರಡುತ್ತದೆ.

ಚೌಕದ ಮೇಲೆ ವೃತ್ತವನ್ನು ಕೂಡಿಸುವುದು ಕಟ್ಟಡದವರಿಗೆ ಎದುರಾದ ನಿಜವಾದ ತೊಡಕು. ಒಳಗಿನ ಸಭಾಂಗಣದ ಬದಿ ಸುಮಾರು 41 ಮೀಟರ್, ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಒಂದನ್ನೊಂದು ಹಾಯ್ದುಹೋಗುವ ಎಂಟು ಕಮಾನುಗಳಿಂದ, ತಿರುಗಿಸಿಟ್ಟ ಎರಡು ಚೌಕಗಳು ಬೆಸೆದಂತೆ ಅಷ್ಟಭುಜವನ್ನು ಸಾಧಿಸಿ, ಅದರ ಮೇಲೆ ವೃತ್ತವನ್ನು ಕೂಡಿಸಲಾಗಿದೆ. ಶಾಲೆಯ ಪ್ರವಾಸದಲ್ಲಿ ಪಿಸುಗುಟ್ಟುವ ಗ್ಯಾಲರಿಯ ಪ್ರತಿಧ್ವನಿಯನ್ನು ಕೇಳಿ ನಲಿಯುವ ಮಕ್ಕಳು ತಲೆಯೆತ್ತಿ ಈ ಕಮಾನುಗಳನ್ನೂ ನೋಡುವಂತಾಗಬೇಕು.

ಒಂದು ಬ್ರಾಸ್ ಮರಳು

ಈ ಪಾಠದಲ್ಲಿ ಹಣದ ಪ್ರಶ್ನೆ ನೇರವಾಗಿ ಬರುವುದು ಮನೆ ಕಟ್ಟುವಾಗ. ಮಹಾರಾಷ್ಟ್ರದಲ್ಲಿ ಮರಳು, ಖಡಿ, ಮುರುಮಗಳು ಬ್ರಾಸಿನ ಲೆಕ್ಕದಲ್ಲಿ ಮಾರಾಟವಾಗುತ್ತವೆ. ಒಂದು ಬ್ರಾಸ್ ಎಂದರೆ 100 ಘನ ಅಡಿ, ಅಂದರೆ ಸುಮಾರು 2.83 ಘನ ಮೀಟರ್. 2009ರ ಲೀಗಲ್ ಮೆಟ್ರಾಲಜಿ ಕಾಯ್ದೆಯ ಪ್ರಕಾರ ದೇಶದ ಅಧಿಕೃತ ಮಾನಗಳು ಮೆಟ್ರಿಕ್ ಪದ್ಧತಿಯವು; ರೂಢಿ ಮಾತ್ರ ಬ್ರಾಸಿನದು.

ಮರಳು ಗಾಡಿಯಲ್ಲಿರುವಾಗ ಅದು ಆಯತಘನ. ಟ್ರಾಲಿಯ ಒಳಗಿನ ಉದ್ದ 10 ಅಡಿ, ಅಗಲ 6 ಅಡಿ, ಮರಳಿನ ಎತ್ತರ ಒಂದೂವರೆ ಅಡಿ ಇದ್ದರೆ ಅದರಲ್ಲಿರುವುದು 90 ಘನ ಅಡಿ, ಒಂದು ಬ್ರಾಸಿಗೆ 10 ಕಡಿಮೆ. ಅಂಗಳದಲ್ಲಿ ಸುರಿದ ಮೇಲೆ ಅದೇ ಮರಳು ಶಂಕುವಾಗುತ್ತದೆ. ಆಗ ನಡುವಿನ ತ್ರಿಜ್ಯವನ್ನು ಅಳೆಯಲಾಗದು. ಸುತ್ತಳತೆಯನ್ನು ಹಗ್ಗದಿಂದ ಅಳೆಯಬಹುದು. ಎತ್ತರಕ್ಕೆ ರಾಶಿಯ ಪಕ್ಕದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, ತುದಿಯ ಮಟ್ಟಕ್ಕೆ ಇನ್ನೊಂದು ಕೋಲನ್ನು ಅಡ್ಡ ಹಿಡಿದರೆ ಸಾಕು.

ರಾಶಿವ್ಯವಹಾರದ ನಿಯಮ ಇಲ್ಲಿಗೆ ಹೇಳಿ ಮಾಡಿಸಿದಂತಿದೆ. ಸುತ್ತಳತೆಯನ್ನು ಆರರಿಂದ ಭಾಗಿಸಿ, ಬಂದದ್ದನ್ನು ವರ್ಗಮಾಡಿ, ಎತ್ತರದಿಂದ ಗುಣಿಸಬೇಕು. ರಾಶಿಯ ಎತ್ತರವು ಸುತ್ತಳತೆಯ ಎಷ್ಟನೆಯ ಪಾಲು ಎಂಬುದನ್ನೂ ಭಾಸ್ಕರಾಚಾರ್ಯ ಕೊಡುತ್ತಾನೆ: ಕಡಲೆಯಂಥ ದಪ್ಪ ಕಾಳಿಗೆ ಹತ್ತನೆಯ ಪಾಲು, ಸಾಸಿವೆಯಂಥ ಸಣ್ಣ ಕಾಳಿಗೆ ಹನ್ನೊಂದನೆಯ ಪಾಲು, ಭತ್ತದಂಥ ಮುಳ್ಳುಳ್ಳ ಧಾನ್ಯಕ್ಕೆ ಒಂಬತ್ತನೆಯ ಪಾಲು. ನುಣುಪಾದ ಕಾಳು ಜಾರಿ ಹರಡುತ್ತದೆ, ಮುಳ್ಳುಳ್ಳದ್ದು ಒಂದಕ್ಕೊಂದು ಹೆಣೆದುಕೊಂಡು ಎತ್ತರಕ್ಕೆ ನಿಲ್ಲುತ್ತದೆ. ಗೋಡೆಗೆ ಒರಗಿದ ರಾಶಿಯಾದರೆ ಕಂಡ ಸುತ್ತಳತೆಯನ್ನು ಎರಡರಿಂದ, ಒಳಮೂಲೆಯಲ್ಲಿದ್ದರೆ ನಾಲ್ಕರಿಂದ ಗುಣಿಸಿ ಪೂರ್ಣ ರಾಶಿಯ ಲೆಕ್ಕ ಮಾಡಿ, ಕೊನೆಗೆ ಅದೇ ಸಂಖ್ಯೆಯಿಂದ ಭಾಗಿಸಬೇಕು.

ಈ ನಿಯಮದಲ್ಲಿ ಪರಿಧಿಯು ವ್ಯಾಸದ ಮೂರು ಪಟ್ಟು ಎಂಬ ಸ್ಥೂಲಮಾನವಿದೆ. ಅದರಿಂದ ಉತ್ತರವು ನೂರಕ್ಕೆ ಸುಮಾರು ಐದರಷ್ಟು ಹೆಚ್ಚಾಗಿ ಬರುತ್ತದೆ. ಮಾರುವವನಿಗೆ ಇದು ಅನುಕೂಲ, ಕೊಳ್ಳುವವನಿಗೆ ನಷ್ಟ. ಸೂಕ್ಷ್ಮವಾಗಿ ಬೇಕಾದರೆ ಸುತ್ತಳತೆಯ ವರ್ಗವನ್ನು ಎತ್ತರದಿಂದ ಗುಣಿಸಿ 37.7ರಿಂದ ಭಾಗಿಸಬೇಕು. ಸುತ್ತಳತೆ 33 ಅಡಿ, ಎತ್ತರ ಮೂರೂವರೆ ಅಡಿ ಇದ್ದರೆ ಸುಮಾರು 101 ಘನ ಅಡಿ, ಅಂದರೆ ಒಂದು ಬ್ರಾಸ್ ಸರಿಯಾಗಿದೆ. ಸುತ್ತಳತೆ 30 ಅಡಿ, ಎತ್ತರ ಮೂರೂಕಾಲು ಅಡಿ ಇದ್ದರೆ ಸುಮಾರು 78 ಘನ ಅಡಿ ಮಾತ್ರ. ಎರಡು ರಾಶಿಗಳೂ ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಆಗಿ ಕಾಣುತ್ತವೆ. ವ್ಯತ್ಯಾಸ ಮಾತ್ರ ಬ್ರಾಸಿನ ಐದನೆಯ ಒಂದು ಪಾಲಿಗೂ ಹೆಚ್ಚು.

ಇನ್ನೆರಡು ಸಂಗತಿಗಳು ನೆನಪಿನಲ್ಲಿರಬೇಕು. ತುಸು ತೇವವಾದ ಮರಳು ಉಬ್ಬಿ, ಒಣ ಮರಳಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ. ಅಳತೆ ಸರಿಯಿದ್ದರೂ ಮರಳು ಕಡಿಮೆ ಇರಬಹುದು. ಎರಡನೆಯದಾಗಿ, ತಕರಾರು ಮಾಡಬೇಕಾದರೆ ರಾಶಿಯನ್ನು ಹರಡುವ ಮೊದಲೇ ಅಳತೆಯನ್ನು ದಿನಾಂಕದೊಡನೆ ಬರೆದು, ಅಳತೆಪಟ್ಟಿ ಕಾಣುವಂತೆ ಛಾಯಾಚಿತ್ರ ತೆಗೆದಿಟ್ಟುಕೊಳ್ಳಬೇಕು. ಹರಡಿದ ಮರಳು ಸಾಕ್ಷಿ ಹೇಳುವುದಿಲ್ಲ.

ಶಾಲೆಯ ಪ್ರಶ್ನೆ

ಗಣಿತಕ್ಕೆ ಕನ್ನಡ ಸಾಲದು ಎಂಬ ಅಳುಕು ಗಡಿಭಾಗದ ಅನೇಕ ಪಾಲಕರಲ್ಲಿದೆ. ಇತಿಹಾಸವು ಆ ಅಳುಕನ್ನು ಸಮರ್ಥಿಸುವುದಿಲ್ಲ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದವನ್ನು ಕನ್ನಡದಲ್ಲಿಯೇ ಬರೆದನು. ಸುಮಾರು 900 ವರ್ಷಗಳ ಹಿಂದೆಯೇ ಅಳತೆಯ ಲೆಕ್ಕಕ್ಕೆ ಒದಗಿದ ಭಾಷೆಯು ಇಂದಿನ ಹತ್ತನೆಯ ತರಗತಿಗೆ ಸಾಲದೆ ಹೋಗುವುದಿಲ್ಲ.

1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ಅನುಚ್ಛೇದವು, ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆಯ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಹೇಳುತ್ತದೆ. ಅದು ಪ್ರಾಥಮಿಕ ಹಂತದ ಮಾತು. ಘನಫಲದ ಕಠಿಣ ಲೆಕ್ಕಗಳು ಬರುವುದು ಆ ಹಂತ ದಾಟಿದ ಮೇಲೆ, ಮತ್ತು ಹತ್ತನೆಯ ತರಗತಿಯ ನಂತರ ಬಹುತೇಕ ಮಕ್ಕಳು ಬೇರೆ ಮಾಧ್ಯಮಕ್ಕೆ ದಾಟುತ್ತಾರೆ. ಆ ಹೊಸಿಲಿನಲ್ಲಿ ಲೆಕ್ಕ ಬಲ್ಲ ಮಗುವೂ ಹೆಸರು ತಿಳಿಯದೆ ತಡವರಿಸುತ್ತದೆ. ‘ಲ್ಯಾಟರಲ್ ಸರ್ಫೇಸ್ ಏರಿಯಾ’ ಎಂದಾಗ ಅದು ತನಗೆ ಚೆನ್ನಾಗಿ ಗೊತ್ತಿರುವ ಪಾರ್ಶ್ವ ಮೇಲ್ಮೈ ವಿಸ್ತೀರ್ಣವೇ ಎಂದು ಗುರುತಿಸಲಾಗದೆ, ತನಗೆ ಗಣಿತವೇ ಬಾರದೆಂದು ತೀರ್ಮಾನಿಸಿಬಿಡುವ ಅಪಾಯವಿದೆ. ಇದನ್ನು ಯಾವ ಅನುಚ್ಛೇದವೂ ತಡೆಯಲಾರದು. ಮನೆ ಮತ್ತು ಶಾಲೆಗಳು ತಡೆಯಬಲ್ಲವು.

ಎಂಟನೆಯ ತರಗತಿಯಿಂದಲೇ ಮಗು ಒಂದು ವಹಿಯಲ್ಲಿ ನಾಲ್ಕು ಅಂಕಣಗಳನ್ನು ಎಳೆಯಲಿ. ಮೊದಲನೆಯದರಲ್ಲಿ ಆಕೃತಿಯ ಚಿತ್ರ, ಉಳಿದ ಮೂರರಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಹೆಸರುಗಳು. ಘನ, ಆಯತಘನ, ಸಿಲಿಂಡರ್, ಶಂಕು, ಗೋಳ, ಮುಖ, ಅಂಚು, ಶೃಂಗ, ಓರೆ ಎತ್ತರ, ಮೇಲ್ಮೈ ವಿಸ್ತೀರ್ಣ, ಘನಫಲ ಎಂಬ ಹನ್ನೊಂದು ಸಾಲುಗಳಿಂದ ಆರಂಭವಾದರೆ ಸಾಕು. ಇಂಗ್ಲಿಷ್ ಬಾರದ ಪಾಲಕರಿಗೂ ಇದರಲ್ಲಿ ಕೆಲಸವಿದೆ: ಚಿತ್ರಕ್ಕೆ ಸರಿಹೊಂದುವ ವಸ್ತುವನ್ನು ಮನೆಯಲ್ಲಿ, ಹೊಲದಲ್ಲಿ ತೋರಿಸುವುದು. ಮುಂದಿನ ಸಲ ಅಂಗಳಕ್ಕೆ ಮರಳು ಬಂದಾಗ, ಅಥವಾ ಸುಗ್ಗಿಯಲ್ಲಿ ಜೋಳದ ರಾಶಿ ಬಿದ್ದಾಗ, ಹಗ್ಗದ ಒಂದು ತುದಿಯನ್ನು ತಂದೆ ಹಿಡಿಯಲಿ, ಇನ್ನೊಂದು ತುದಿಯನ್ನು ಮಗು ಹಿಡಿಯಲಿ. ಲೆಕ್ಕವನ್ನು ಮಗುವೇ ಮಾಡಲಿ.